43ರ ರಾಯಚೂರು, 34ರ ಮಂಗಳೂರು: ಬಿಸಿಲಿನ ಲೆಕ್ಕ ತಪ್ಪುವುದೆಲ್ಲಿ?

ಯುಗಾದಿ ಮುಗಿಯುತ್ತಿದ್ದಂತೆ ಪತ್ರಿಕೆಗಳಲ್ಲಿ ಒಂದು ಪಟ್ಟಿ ಶುರುವಾಗುತ್ತದೆ. ಕಲಬುರಗಿ ಇಷ್ಟು, ರಾಯಚೂರು ಇಷ್ಟು, ಬಳ್ಳಾರಿ ಇಷ್ಟು. ಗರಿಷ್ಠ ಉಷ್ಣಾಂಶದಲ್ಲಿ ಯಾವ ಊರು ಮುಂದಿದೆ ಎಂಬುದೇ ಸುದ್ದಿ. ಬಳ್ಳಾರಿಯಲ್ಲಿ ಇರುವುದು ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲ ಎನ್ನುವ ಹಳೆಯ ನಗೆಮಾತೂ ಜೊತೆಗೆ ಬರುತ್ತದೆ. ಆದರೆ ಬಿಸಿಲು ಯಾರನ್ನು ಯಾವಾಗ ಕೆಡವುತ್ತದೆ ಎಂಬುದನ್ನು ಈ ಒಂದು ಅಂಕಿಯಿಂದ ಹೇಳಲಾಗುವುದಿಲ್ಲ. ಸರ್ಕಾರದ ಎಚ್ಚರಿಕೆಯೂ ಬಹುಮಟ್ಟಿಗೆ ಅದೇ ಅಂಕಿಯ ಮೇಲೆ ನಿಂತಿರುವುದರಿಂದ ನಮ್ಮ ತಯಾರಿಯೂ ದಾರಿ ತಪ್ಪಿದೆ.

ಒಂದು ಸರಳ ಲೆಕ್ಕ ಮಾಡೋಣ. ಮೇ ತಿಂಗಳ ಒಂದು ಮಧ್ಯಾಹ್ನ ರಾಯಚೂರಿನಲ್ಲಿ 43 ಡಿಗ್ರಿ ಸೆಲ್ಸಿಯಸ್ ಇದೆ, ಗಾಳಿಯ ತೇವಾಂಶ ಶೇ 15. ಅದೇ ಹೊತ್ತಿಗೆ ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇ 65. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ನೀರು ಆರುತ್ತಾ ಪಾದರಸ ಇಳಿಯುತ್ತದೆ. ಅದು ಎಲ್ಲಿಗೆ ಬಂದು ನಿಲ್ಲುತ್ತದೋ ಅದೇ ವೆಟ್ ಬಲ್ಬ್ ಉಷ್ಣಾಂಶ. ಬೆವರು ಎಷ್ಟೇ ಸುರಿದರೂ ಮೈಯನ್ನು ಅದಕ್ಕಿಂತ ಕೆಳಗೆ ತಣಿಸಲಾಗದು. ಮೇಲಿನ ಲೆಕ್ಕದಲ್ಲಿ ರಾಯಚೂರಿನ ವೆಟ್ ಬಲ್ಬ್ ಸುಮಾರು 22.7 ಡಿಗ್ರಿ, ಮಂಗಳೂರಿನದು ಸುಮಾರು 28.5. ಪತ್ರಿಕೆಯ ಪಟ್ಟಿಯಲ್ಲಿ 9 ಡಿಗ್ರಿ ಹಿಂದಿರುವ ಊರು ಬೆವರಿನ ಲೆಕ್ಕದಲ್ಲಿ ಸುಮಾರು 6 ಡಿಗ್ರಿ ಮುಂದಿದೆ!

ಹಾಗೆಂದು ರಾಯಚೂರು ಸುರಕ್ಷಿತ ಅಂತಲ್ಲ. ಅಲ್ಲಿನ ಅಪಾಯದ ಬಗೆಯೇ ಬೇರೆ. ಚರ್ಮದ ಉಷ್ಣಾಂಶ ಸಾಮಾನ್ಯವಾಗಿ 35 ಡಿಗ್ರಿಯ ಆಸುಪಾಸು. ಗಾಳಿ ಅದಕ್ಕಿಂತ ಬಿಸಿಯಾದಾಗ ಮೈಯ ಶಾಖ ಹೊರಗೆ ಹೋಗುವ ಬದಲು ಹೊರಗಿನ ಶಾಖವೇ ಒಳಗೆ ನುಗ್ಗುತ್ತದೆ. ಆಗ ಉಳಿಯುವುದು ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತದೆ. ಗಾರೆ ಹೊರುವವರು, ಕಲ್ಲುಗಣಿಯಲ್ಲಿ ಫರ್ಸಿ ಎತ್ತುವವರು ತಾಸಿಗೆ ಒಂದು ಲೀಟರ್ ಬೆವರು ಕಳೆದುಕೊಳ್ಳುವುದು ಸಾಮಾನ್ಯ. ಒಣಗಾಳಿಯಲ್ಲಿ ಅದು ಹರಿಯುವ ಮೊದಲೇ ಆರಿಹೋಗುವುದರಿಂದ ಎಷ್ಟು ನೀರು ಹೋಯಿತೆಂಬುದು ಅವರಿಗೇ ತಿಳಿಯುವುದಿಲ್ಲ. ಅಂಗಿಯ ಬೆನ್ನಿನ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿದಾಗಲೇ ಗೊತ್ತಾಗುವುದು. ಕರಾವಳಿಯಲ್ಲಿ ಇದರ ತಿರುವುಮುರುವು. ಬೆವರು ಧಾರಾಳವಾಗಿ ಇಳಿಯುತ್ತದೆ, ಆದರೆ ಆರುವುದಿಲ್ಲ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮೈಗೆ ಏನೂ ಲಾಭವಿಲ್ಲ. ಗೇರುಬೀಜ ಕಾರ್ಖಾನೆಯಲ್ಲಿ ಬೀಜ ಬೇಯಿಸುವ ಹಬೆಯ ಪಕ್ಕದಲ್ಲಿ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ವೆಟ್ ಬಲ್ಬ್ 35 ಡಿಗ್ರಿ ಮುಟ್ಟಿದರೆ ನೆರಳಲ್ಲಿ ಸುಮ್ಮನೆ ಕೂತವರೂ ಕೆಲವು ತಾಸಿಗಿಂತ ಹೆಚ್ಚು ಬದುಕಲಾರರು ಎಂಬುದು ಬಹುಕಾಲದ ಅಂದಾಜು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತ ಯುವಕ ಯುವತಿಯರ ಮೈ ಸಹ ತೇವದ ಗಾಳಿಯಲ್ಲಿ 31ರ ಸುಮಾರಿಗೇ ಸೋಲತೊಡಗಿತು. ಮುದುಕರಿಗೆ, ಹೃದ್ರೋಗಿಗಳಿಗೆ, ಬಿಸಿಲಲ್ಲಿ ಮೈಮುರಿದು ದುಡಿಯುವವರಿಗೆ ಗಡಿ ಇನ್ನೂ ಕೆಳಗೇ ಇರುತ್ತದೆ. ಹಾಗೆ ನೋಡಿದರೆ 28.5 ಎಂಬುದು ಹಗುರವಾದ ಅಂಕಿಯಲ್ಲ.

ಇನ್ನೊಂದು ಸಂದರ್ಭ ಇನ್ನಷ್ಟು ಮೋಸದ್ದು. ಮೇ ಕೊನೆಯಲ್ಲಿ ಕೃತ್ತಿಕೆಯೋ ರೋಹಿಣಿಯೋ ನಾಲ್ಕು ಹನಿ ಉದುರಿಸಿ ಹೋಗುತ್ತದೆ. ಮರುದಿನ ರಾಯಚೂರಿನ ಉಷ್ಣಾಂಶ 43ರಿಂದ 38ಕ್ಕೆ ಇಳಿದು, ತೇವಾಂಶ ಶೇ 45ಕ್ಕೆ ಏರಿತೆನ್ನಿ. ‘ಬಿಸಿಲು ಕಡಿಮೆಯಾಯಿತು’ ಎಂದು ಎಲ್ಲರೂ ಹೊಲಕ್ಕೆ ಇಳಿಯುತ್ತಾರೆ, ಬಿತ್ತನೆಗೆ ನೆಲ ಹದ ಮಾಡುವ ಕೆಲಸವೂ ಅದೇ ಹೊತ್ತಿಗೆ. ಆ ದಿನದ ವೆಟ್ ಬಲ್ಬ್ ಸುಮಾರು 28. ಉಷ್ಣಾಂಶ 5 ಡಿಗ್ರಿ ಇಳಿದಿದ್ದರೂ ದುಡಿಯುವ ಮೈಗೆ ಕಷ್ಟ ಹೆಚ್ಚಿದೆ. ಹವಾಮಾನ ಇಲಾಖೆಯ ಬಿಸಿಗಾಳಿ ಎಚ್ಚರಿಕೆ ಇಂಥ ದಿನಕ್ಕೆ ಅನ್ವಯಿಸುವುದೇ ಇಲ್ಲ.

ಏಕೆಂದರೆ ಆ ಎಚ್ಚರಿಕೆಯ ಮಾನದಂಡ ಹೀಗಿದೆ. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಆಗಿರಬೇಕು. ಜೊತೆಗೆ ಆ ಕಾಲದ ವಾಡಿಕೆಗಿಂತ 4.5 ಡಿಗ್ರಿ ಅಥವಾ ಹೆಚ್ಚು ಏರಿರಬೇಕು, 6.4 ದಾಟಿದರೆ ತೀವ್ರ ಬಿಸಿಗಾಳಿ. ಬಯಲಿನಲ್ಲಿ ವಾಡಿಕೆ ಏನೇ ಇದ್ದರೂ 45 ಮುಟ್ಟಿದರೆ ಬಿಸಿಗಾಳಿ, 47 ಮುಟ್ಟಿದರೆ ತೀವ್ರ. ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಸತತ ಎರಡು ದಿನ ಹೀಗಾದರೆ, ಎರಡನೇ ದಿನ ಘೋಷಣೆ.

ಇದನ್ನು ನಮ್ಮ ಜಿಲ್ಲೆಗಳಿಗೆ ಹಚ್ಚಿ ನೋಡಿ. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 44 ಡಿಗ್ರಿಯ ದಿನ ವಾಡಿಕೆಗಿಂತ 4 ಡಿಗ್ರಿ ಮಾತ್ರ ಹೆಚ್ಚು, ಅದು ಬಿಸಿಗಾಳಿಯಲ್ಲ! ಸದಾ ಬಿಸಿಯಾಗಿರುವ ಊರಿನಲ್ಲಿ ಬಿಸಿ ಸಾಮಾನ್ಯ ಎಂಬ ತರ್ಕ ಅಂಕಿಅಂಶದ ಮಟ್ಟಿಗೆ ಸರಿ. ಮೂತ್ರಪಿಂಡ ಆ ತರ್ಕ ಕೇಳುವುದಿಲ್ಲ. ಕರಾವಳಿಗೆ ಬಂದರೆ, ಮಂಗಳೂರಿನ ವಾಡಿಕೆ 33ರ ಆಸುಪಾಸು, ಆದ್ದರಿಂದ 37ರ ಮೇಲೆ ಹೋಗಬೇಕು. 2025ರ ಫೆಬ್ರವರಿ ಕೊನೆಯಲ್ಲೇ ಕರಾವಳಿಗೆ ಅಂಥ ಎಚ್ಚರಿಕೆ ಬಂದದ್ದುಂಟು. ಸಾಮಾನ್ಯವಾಗಿ ಹೀಗಾಗುವುದು ಕಡಲಗಾಳಿ ತಡವಾಗಿ, ಒಣ ಮೂಡಣಗಾಳಿ ಘಟ್ಟ ಇಳಿದು ಬೀಸಿದಾಗ. ಏಪ್ರಿಲ್–ಮೇ ತಿಂಗಳ 35 ಡಿಗ್ರಿಯ ಉಸಿರುಗಟ್ಟುವ ಸೆಕೆ ಈ ಬಿಸಿಗಾಳಿ ಮಾನದಂಡದೊಳಗೆ ಬರುವುದೇ ಇಲ್ಲ. ‘ಬಿಸಿ ರಾತ್ರಿ’ ಎಂಬ ಇನ್ನೊಂದು ವರ್ಗವಿದೆ. ಕನಿಷ್ಠ ಉಷ್ಣಾಂಶ ವಾಡಿಕೆಗಿಂತ 4.5 ಡಿಗ್ರಿ ಏರಿದರೆ ಅದು ಲಾಗೂ ಆಗುತ್ತದೆ, ಆದರೆ ಹಗಲಿನ ಗರಿಷ್ಠ 40 ದಾಟಿದ್ದರೆ ಮಾತ್ರ. ಅಂದರೆ ನಿದ್ದೆಯೇ ಬಾರದ ಕಡಲೂರುಗಳಿಗೆ ಕಾಗದದ ಮೇಲೆ ಬಿಸಿ ರಾತ್ರಿಯೇ ಇಲ್ಲ.

ಇದನ್ನು ಸರಿಪಡಿಸಲು ಹೊಸ ಉಪಕರಣ ತರಬೇಕಾಗಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಸಂಸ್ಥೆ. ಇಂದು ಹೋಬಳಿ ಮಟ್ಟದಲ್ಲಿ ಅದರ ಸ್ವಯಂಚಾಲಿತ ಹವಾಮಾನ ಕೇಂದ್ರಗಳಿವೆ. ಅವು ಮಳೆಯೊಂದನ್ನೇ ಅಲ್ಲ, ಉಷ್ಣಾಂಶ, ತೇವಾಂಶ, ಗಾಳಿಯ ವೇಗವನ್ನೂ ಅಳೆಯುತ್ತವೆ. ಉಷ್ಣಾಂಶ ಮತ್ತು ತೇವಾಂಶ ಎರಡೂ ಕೈಯಲ್ಲಿದ್ದರೆ ವೆಟ್ ಬಲ್ಬ್ ಲೆಕ್ಕ ಹಾಕುವುದು ಒಂದು ಸೂತ್ರದ ಕೆಲಸ. ಗರಿಷ್ಠದ ಪಕ್ಕದಲ್ಲಿ ಈ ಅಂಕಿಯನ್ನೂ, ಹಿಂದಿನ ರಾತ್ರಿಯ ಕನಿಷ್ಠವನ್ನೂ ಹೋಬಳಿವಾರು ಕೊಟ್ಟರೆ ಗ್ರಾಮ ಪಂಚಾಯಿತಿಯವರು ಅದನ್ನು ನೋಡಿ ಕೆಲಸದ ಹೊತ್ತು ನಿರ್ಧರಿಸಬಹುದು.

ಮನೆಯೊಳಗಿನ ಬಿಸಿಲು

ರಾತ್ರಿಯ ವಿಷಯಕ್ಕೆ ಹೆಚ್ಚು ಗಮನ ಬೇಕು. ಹಗಲಲ್ಲಿ ದಣಿದ ಹೃದಯ ಚೇತರಿಸಿಕೊಳ್ಳುವುದು ರಾತ್ರಿ. ಮನೆ ತಣಿಯದಿದ್ದರೆ ಚೇತರಿಕೆಯೂ ಇಲ್ಲ. ಬಿಸಿಲಿನ ಸಾವುಗಳಲ್ಲಿ ಎಷ್ಟೋ ಬೀದಿಯಲ್ಲಿ ಆಗುವುದಿಲ್ಲ. ಮನೆಯೊಳಗೆ, ಎರಡು ಮೂರು ದಿನದ ಧಗೆಯ ನಂತರ, ಹಾಸಿಗೆಯಲ್ಲೇ ಆಗುತ್ತವೆ.

ಹಳೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಛಾವಣಿ ಬಿಸಿಲನ್ನು ಒಳಗೆ ಬಿಡಲು ಇಡೀ ದಿನ ತೆಗೆದುಕೊಳ್ಳುತ್ತಿತ್ತು. ನಾಲ್ಕೈದು ಇಂಚಿನ ಆರ್‌ಸಿಸಿ ಕೆಲವೇ ತಾಸಿನಲ್ಲಿ ಬಿಟ್ಟುಬಿಡುತ್ತದೆ. ಮಧ್ಯಾಹ್ನದ ಕಾವು ಸಂಜೆಯ ಹೊತ್ತಿಗೆ ಛಾವಣಿಯ ಕೆಳಮೈಗೆ ಬಂದಿರುತ್ತದೆ. ಆದ್ದರಿಂದಲೇ ರಾತ್ರಿ 8ಕ್ಕೆ ಅಂಗಳ ತಂಪಾಗಿದ್ದರೂ ಒಳಮನೆ ಕುಲುಮೆ. ತಗಡಿನ ಶೀಟಿನ ಕಥೆ ಬೇರೆ. ಅದು ಕ್ಷಣದಲ್ಲಿ ಕಾಯುತ್ತದೆ. ಹೊಳೆಯುವ ಸತುವಿನ ಲೇಪ ಬಿಸಿಲನ್ನು ಸ್ವಲ್ಪ ಹಿಂದಕ್ಕೆ ಎಸೆದರೂ, ಕಾದ ಮೇಲೆ ಶಾಖವನ್ನು ಆಕಾಶಕ್ಕೆ ಬಿಡುವುದರಲ್ಲಿ ಜಿಪುಣ. ಅದರ ಕೆಳಗೆ ಮಧ್ಯಾಹ್ನ ಮಲಗಿದ ಬಾಣಂತಿ, ಕೂಸು, ವಯಸ್ಸಾದವರು ಹೊಲದಲ್ಲಿ ಇದ್ದವರಿಗಿಂತ ಕೆಟ್ಟ ಸ್ಥಿತಿಯಲ್ಲಿರುತ್ತಾರೆ.

ಅಗ್ಗದ ಪರಿಹಾರ ಸುಣ್ಣ. ಮಾರ್ಚ್ ಮೊದಲ ವಾರದೊಳಗೆ ತಾರಸಿಯನ್ನು ಗುಡಿಸಿ, ಪಾಚಿ ಉಜ್ಜಿ, ತೊಳೆದು ಒಣಗಿಸಬೇಕು. ಸುಣ್ಣವನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕೆ ಫೆವಿಕಾಲ್‌ನಂಥ ಅಂಟು ಬೆರೆಸಿ, ಸಂಜೆಯ ಹೊತ್ತು ತೆಳುವಾಗಿ ಎರಡು ಮೂರು ಕೋಟು ಬಳಿಯಬೇಕು. ಒಂದೇ ಸಲ ದಪ್ಪಗೆ ಬಳಿದರೆ ಬಿರುಕು ಬಿಟ್ಟು ಪುಡಿ ಉದುರುತ್ತದೆ. ಉರಿಬಿಸಿಲಲ್ಲಿ ಬಳಿದರೆ ನೀರು ಬೇಗ ಆರಿ ಸುಣ್ಣ ಹಿಡಿಯುವುದೇ ಇಲ್ಲ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಬೇಕೇ ಬೇಕು, ಸುಣ್ಣ ಕಣ್ಣನ್ನು ಸುಡುತ್ತದೆ. ಒಳಗಿನ ಉಷ್ಣಾಂಶ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳಿಯುತ್ತದೆ. ದೂಳು ಕೂತಂತೆ ಫಲ ಕುಗ್ಗುವುದರಿಂದ ಏಪ್ರಿಲ್‌ನಲ್ಲಿ ಒಮ್ಮೆ ಗುಡಿಸಬೇಕು. ಮಳೆಗಾಲ ಸುಣ್ಣವನ್ನು ತೊಳೆದುಹಾಕುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಲೇಬೇಕು. ತಗಡಿಗೆ ಸುಣ್ಣ ನಿಲ್ಲುವುದಿಲ್ಲ. ಪ್ರೈಮರ್ ಹಚ್ಚಿ ಬಿಳಿ ರೂಫ್ ಪೇಂಟ್ ಬಳಿಯಬೇಕು. ಆಸ್ಬೆಸ್ಟಾಸ್ ಶೀಟನ್ನು ಮಾತ್ರ ಉಜ್ಜಬಾರದು, ಅದರ ನಾರು ಶ್ವಾಸಕೋಶಕ್ಕೆ ವಿಷ. ತೆಲಂಗಾಣ 2023ರಲ್ಲೇ ತಂಪು ಛಾವಣಿಗೆಂದು ಪ್ರತ್ಯೇಕ ನೀತಿ ತಂದಿತು. ಕೃಷ್ಣೆಯ ಆಚೆ ದಡದವರಿಗೆ ಸಾಧ್ಯವಾದದ್ದು ಈಚೆ ದಡದವರಿಗೆ ಯಾಕೆ ಆಗಬಾರದು?

ಕೂಲರ್ ವಿಷಯದಲ್ಲಿ ಆಗುವ ತಪ್ಪು ಮನೆಮನೆಯದು. ಕಿಟಕಿ ಬಾಗಿಲು ಮುಚ್ಚಿ ಕೋಣೆಯ ಮಧ್ಯೆ ಕೂಲರ್ ಹಚ್ಚುತ್ತಾರೆ, ಅರ್ಧ ತಾಸಿನಲ್ಲಿ ಮೈಯೆಲ್ಲ ಅಂಟಂಟು. ಕೂಲರ್ ತಣಿಸುವುದು ನೀರನ್ನು ಆವಿ ಮಾಡಿ, ಆ ಆವಿ ಹೊರಗೆ ಹೋಗಲೇಬೇಕು. ಅದರ ಬೆನ್ನು ತೆರೆದ ಕಿಟಕಿಗೆ ಇರಬೇಕು, ಎದುರು ಗೋಡೆಯ ಕಿಟಕಿಯನ್ನೋ ಬಾಗಿಲನ್ನೋ ಒಂದು ಗೇಣು ತೆರೆದಿಡಬೇಕು. ರಾಯಚೂರು, ಯಾದಗಿರಿ ಕಡೆಯ ಗಡಸು ಕೊಳವೆಬಾವಿ ನೀರಿನಿಂದ ಹುಲ್ಲಿನ ಪ್ಯಾಡಿನ ಮೇಲೆ ಬಿಳಿ ಹೆಪ್ಪು ಕಟ್ಟಿ ಗಾಳಿ ಹಾಯುವುದು ನಿಲ್ಲುತ್ತದೆ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಪ್ಯಾಡ್ ತೊಳೆಯದಿದ್ದರೆ ಸೊಳ್ಳೆಯೂ ಉಚಿತ. ಇದೇ ಕೂಲರ್, ಇದೇ ಲಾವಂಚದ ತಟ್ಟಿ ಉಡುಪಿಯಲ್ಲಿ ಕೆಲಸಕ್ಕೆ ಬಾರದು. ಅಲ್ಲಿ ಫ್ಯಾನ್, ಎದುರುಬದುರು ಕಿಟಕಿ, ಮೈಗೆ ತಣ್ಣೀರು, ಇಷ್ಟೇ ದಾರಿ. ಇನ್ನು ಬಯಲುಸೀಮೆಯಲ್ಲಿ ಕೋಣೆಯ ಗಾಳಿ 40 ಡಿಗ್ರಿ ದಾಟಿದಾಗ ಬರಿಯ ಫ್ಯಾನ್ ಹಾಕಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಗಾಳಿ ಮೈಗೆ ಶಾಖವನ್ನೇ ತುಂಬುತ್ತದೆ. ಒದ್ದೆ ಪಂಚೆ ಹೊದ್ದು ಕೂತರೆ ವಾಸಿ.

ಕೆಲಸ, ನೀರು, ಉಪ್ಪು

ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಯಲ್ಲೂ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಒಳ್ಳೆಯ ಪದ್ಧತಿ. ಆದರೆ ಅದು ಸಿಗುವುದು ಫ್ಯಾನ್ ಕೆಳಗೆ ಕೂತವರಿಗೆ. ಇಟ್ಟಿಗೆ ಭಟ್ಟಿ, ಕಲ್ಲುಗಣಿ, ರಸ್ತೆಗೆ ಡಾಂಬರು ಹಾಕುವ ಕೆಲಸ, ಮೆಣಸಿನಕಾಯಿ ಕಣ, ಮನೆಬಾಗಿಲಿಗೆ ಊಟ ತಲುಪಿಸುವ ಬೈಕ್, ಇಲ್ಲೆಲ್ಲ ಹೊತ್ತು ಗೊತ್ತುಮಾಡುವವನು ಗುತ್ತಿಗೆದಾರ.

ಗುತ್ತಿಗೆದಾರರಿಗೆ ತಿಳಿದಿರಬೇಕಾದ ಮುಖ್ಯ ಸಂಗತಿ ಮೈ ಹೊಂದಿಕೊಳ್ಳಲು 7ರಿಂದ 14 ದಿನ ಬೇಕು ಎಂಬುದು. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯ ಲೆಕ್ಕದಂತೆ ಬಿಸಿಲ ಕೆಲಸದ ಸಾವುಗಳಲ್ಲಿ ಹತ್ತಿರ ಹತ್ತಿರ ಅರ್ಧ ಮೊದಲ ದಿನವೇ, ಶೇ 70ಕ್ಕೂ ಹೆಚ್ಚು ಮೊದಲ ವಾರದಲ್ಲಿ ಆಗುತ್ತವೆ. ಹೊಸಬರಿಗೆ ಮೊದಲ ದಿನ ಬಿಸಿಲಲ್ಲಿ ಪೂರ್ತಿ ಕೆಲಸದ ಶೇ 20 ಮಾತ್ರ, ಆಮೇಲೆ ದಿನಕ್ಕೆ ಶೇ 20ರಷ್ಟು ಏರಿಸುತ್ತಾ ಹೋಗಬೇಕೆಂಬ ಅಲ್ಲಿನ ಸಲಹೆ ಇರುವುದು ಇದಕ್ಕಾಗಿಯೇ. ನಮ್ಮಲ್ಲಿ ನಡೆಯುವುದು ತದ್ವಿರುದ್ಧ. ಜಾತ್ರೆಗೆಂದೋ ಮದುವೆಗೆಂದೋ ಹತ್ತು ದಿನ ಊರಿಗೆ ಹೋಗಿ ಬಂದವರು ಕಳೆದ ಕೂಲಿ ತುಂಬಿಕೊಳ್ಳಲು ಮೊದಲ ದಿನವೇ ದುಪ್ಪಟ್ಟು ದುಡಿಯುತ್ತಾರೆ. ಗುತ್ತಗಿ ಕೆಲಸ, ಅಂದರೆ ಅಳತೆಗೆ ಕೂಲಿ ಇರುವ ಕಡೆ ನೆರಳಿಗೆ ಹೋಗಿ ಕೂತರೆ ಆ ಹೊತ್ತಿನ ಕೂಲಿಯೂ ಹೋಯಿತು. ದಿನಗೂಲಿಯನ್ನು ಕಡಿಯದೆ ಅಳತೆಯನ್ನು ಕಡಿಮೆ ಮಾಡುವುದೇ ಇದಕ್ಕೆ ಮದ್ದು. ಉತ್ತರ ಕರ್ನಾಟಕದ ನರೇಗಾ ಕಾಮಗಾರಿಗಳಲ್ಲಿ ಬೇಸಿಗೆಗೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಟ್ಟದ್ದು ಇದೇ ತತ್ವದ ಮೇಲೆ. ಖಾಸಗಿ ಕೆಲಸಕ್ಕೂ ಅದು ಬರಬೇಕು.

ನೀರು 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 250 ಮಿಲಿ. ಬಾಯಾರಿಕೆಗೆ ಕಾಯಬಾರದು, ಹಾಗೆಂದು ತಾಸಿಗೆ ಒಂದೂವರೆ ಲೀಟರ್ ಮೀರಲೂ ಬಾರದು. ಬರೀ ನೀರನ್ನೇ ಅತಿಯಾಗಿ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ಅದೇ ಒಂದು ಕಾಯಿಲೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ರಾಗಿ ಅಂಬಲಿ ಇಲ್ಲಿ ನಿಜವಾಗಿ ಕೆಲಸ ಮಾಡುತ್ತವೆ. ಮೂತ್ರಪಿಂಡ, ಹೃದಯದ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಮಾತ್ರ ಎಷ್ಟು ನೀರು, ಎಷ್ಟು ಉಪ್ಪು ಎಂದು ವೈದ್ಯರನ್ನು ಕೇಳಿಕೊಳ್ಳಬೇಕು. ಓಆರ್‌ಎಸ್ ಪುಡಿಯ 20.5 ಗ್ರಾಂ ಪೊಟ್ಟಣ ಇಡೀ ಒಂದು ಲೀಟರ್ ನೀರಿಗೆ. ಅದನ್ನು ಒಂದು ಲೋಟಕ್ಕೆ ಸುರಿದು ಕುಡಿಯುವುದು ಸಾಮಾನ್ಯ ತಪ್ಪು. ಅಷ್ಟು ಗಾಢವಾದರೆ ಭೇದಿಯಾಗಿ ಇದ್ದ ನೀರೂ ಹೋಗುತ್ತದೆ. ಕಲಸಿದ್ದನ್ನು 24 ತಾಸಿನೊಳಗೆ ಮುಗಿಸಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹೆಸರಿನಲ್ಲಿ ಓಆರ್‌ಎಸ್ ಎಂದು ಬರೆದುಕೊಂಡು ಮಾರುತ್ತಿದ್ದ ಸಿಹಿ ಪಾನೀಯಗಳು ಆ ಪದ ಬಳಸದಂತೆ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಹೆಣ್ಣಾಳುಗಳು ನೀರು ಕುಡಿಯದಿರಲು ಮುಖ್ಯ ಕಾರಣ ಅರಿವಿನ ಕೊರತೆಯಲ್ಲ. ಕೆಲಸದ ಜಾಗದಲ್ಲಿ ಮರೆಯಿಲ್ಲ, ಶೌಚಾಲಯವಿಲ್ಲ. ಅರವಟಿಗೆಯ ಉದ್ಘಾಟನೆಗೆ ಬರುವವರು ಇದನ್ನೂ ಕೇಳಿಕೊಂಡು ಹೋಗಬೇಕು.

ಬಿದ್ದವರನ್ನು ಎತ್ತುವ ಮೊದಲು

ತಲೆಸುತ್ತು, ವಾಂತಿ, ಕಾಲು ಸೆಳೆತ, ವಿಪರೀತ ಬೆವರು, ಆದರೆ ಮಾತು ಸರಿಯಾಗಿದೆ ಎಂದರೆ ಅದು ಬಳಲಿಕೆಯ ಹಂತ. ನೆರಳು, ನೀರು, ಉಪ್ಪಿನಿಂದ ಸುಧಾರಿಸುತ್ತದೆ. ಮಾತು ತೊದಲಿದರೆ, ಊರು ಹೆಸರು ತಪ್ಪು ಹೇಳಿದರೆ, ಸಿಟ್ಟಿನಿಂದ ಕೈಕಾಲು ಬೀಸಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ‘ಮೈ ಒಣಗಿದ್ದರೆ ಮಾತ್ರ ಹೀಟ್ ಸ್ಟ್ರೋಕ್’ ಎಂಬ ಮಾತು ನಂಬಬೇಡಿ. ದುಡಿಯುತ್ತಾ ಬಿದ್ದವರ ಮೈ ಬೆವರಿನಲ್ಲಿ ತೊಯ್ದಿರುತ್ತದೆ. ಕುಡಿದಿದ್ದಾನೆ ಎಂದು ಅತ್ತ ಸರಿಸಿ ಮಲಗಿಸಿದವರು ಎಷ್ಟೋ ಮಂದಿ ಮತ್ತೆ ಏಳುವುದಿಲ್ಲ. ಕಂಕುಳಿನ ಥರ್ಮಾಮೀಟರ್ ಒಳಮೈಯ ಕಾವನ್ನು ಕಡಿಮೆ ತೋರಿಸುತ್ತದೆ, ಅದನ್ನು ನೆಚ್ಚಿ ಕೂರಬಾರದು.

ಇಲ್ಲಿ ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗಿನ ಅರ್ಧ ತಾಸು ಕೈಕಟ್ಟಿ ನಿಲ್ಲಬಾರದು. ರೈತರ ಮನೆಯಲ್ಲಿ ತಾಡಪತ್ರಿ ಇದ್ದೇ ಇರುತ್ತದೆ. ಬಟ್ಟೆ ಸಡಿಲಿಸಿ ಅದರ ಮೇಲೆ ಮಲಗಿಸಿ, ನಾಲ್ಕು ಮಂದಿ ಅಂಚು ಎತ್ತಿ ಹಿಡಿದು ತೊಟ್ಟಿಯಂತೆ ಮಾಡಿ ಎರಡು ಮೂರು ಕೊಡ ನೀರು ಸುರಿಯಬೇಕು, ಸಿಕ್ಕಿದರೆ ಐಸ್ ಕೂಡ. ತಲೆ ಎತ್ತರದಲ್ಲಿರಲಿ, ಅಂಚುಗಳನ್ನು ಅತ್ತಿತ್ತ ತೂಗಿ ನೀರು ಮೈಮೇಲೆ ಆಡುವಂತೆ ಮಾಡುತ್ತಿರಲಿ. ಅದೂ ಆಗದಿದ್ದರೆ ಸತತವಾಗಿ ನೀರು ಹನಿಸುತ್ತಾ ಬೀಸಬೇಕು. ಕತ್ತು, ಕಂಕುಳು, ತೊಡೆಸಂದಿಗೆ ಐಸ್ ಇಡಬೇಕು. ಗಮನಿಸಬೇಕಾದ್ದು: ತಾರಸಿಯ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಂತಿರುತ್ತದೆ. ಮೋಟಾರ್ ಚಾಲೂ ಮಾಡಿ ನೇರ ಕೊಳವೆಬಾವಿ ನೀರನ್ನೇ ತರಬೇಕು, ಇಲ್ಲವೇ ಗುಡಾಣದ್ದು. ‘ಕಾದ ಮೈಗೆ ತಣ್ಣೀರು ಹಾಕಿದರೆ ಲಕ್ವಾ ಹೊಡೆಯುತ್ತದೆ’ ಎಂದು ಹಿರಿಯರು ತಡೆಯುವುದುಂಟು. ತಡ ಮಾಡಿದರೇ ಮೆದುಳಿಗೆ ಪೆಟ್ಟು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಪ್ಯಾರಾಸಿಟಮಾಲ್ ಕೊಡಬಾರದು. ಇದು ಸೋಂಕಿನ ಜ್ವರವಲ್ಲ, ಮಾತ್ರೆ ಕೆಲಸ ಮಾಡುವುದಿಲ್ಲ, ಯಕೃತ್ತಿಗೆ ಹೊರೆ ಬೇರೆ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳುವುದರಿಂದ ಕೆಡುಕಿಲ್ಲ, ಉಪಯೋಗವೂ ಇಲ್ಲ.

ಲೆಕ್ಕಕ್ಕೆ ಸಿಗದ ಸಾವು

2010ರ ಮೇ ತಿಂಗಳಲ್ಲಿ ಅಹಮದಾಬಾದ್ 46.8 ಡಿಗ್ರಿ ಮುಟ್ಟಿದಾಗ, ಆ ತಿಂಗಳ ಒಟ್ಟು ಸಾವುಗಳನ್ನು ಹಿಂದಿನ ವರ್ಷಗಳ ಜೊತೆ ಹೋಲಿಸಿದಾಗ 1,344 ಸಾವು ಹೆಚ್ಚಾಗಿ ಕಂಡವು. ಅದರ ಫಲವಾಗಿ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ನಗರ ಬಿಸಿಲು ಕ್ರಿಯಾಯೋಜನೆ ಅಲ್ಲಿ ಜಾರಿಗೆ ಬಂತು. ಒಡಿಶಾ 1998ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಮೇಲೆ ಎಚ್ಚೆತ್ತಿತು. ಹೀಗೆ ಒಟ್ಟು ಸಾವುಗಳ ಏರಿಳಿತ ನೋಡುವ ಲೆಕ್ಕವನ್ನು ಕಲಬುರಗಿಯಲ್ಲೂ ಮಂಗಳೂರಿನಲ್ಲೂ ಮಾಡಬಹುದು. ಜನನ–ಮರಣ ನೋಂದಣಿಯ ದಿನವಾರು ಅಂಕಿ ಸಾಕು.

ಹಣದ ಕಡೆ ನೋಡಿದರೆ, 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ವಿಪತ್ತು ನಿಧಿಯ ನೆರವು ಸಿಗುತ್ತಿದ್ದ ಕೇಂದ್ರದ ಪಟ್ಟಿಯಲ್ಲಿ ಶೀತಗಾಳಿ, ಹಿಮ, ಆಲಿಕಲ್ಲು ಇದ್ದವು, ಬಿಸಿಗಾಳಿ ಇರಲಿಲ್ಲ. ಆದರೂ ರಾಜ್ಯಗಳಿಗೆ ತಮ್ಮ ವಿಪತ್ತು ನಿಧಿಯ ಶೇ 10ರವರೆಗೆ ಸ್ಥಳೀಯ ವಿಪತ್ತೆಂದು ಘೋಷಿಸಿದ್ದಕ್ಕೆ ಬಳಸುವ ಅವಕಾಶವಿತ್ತು. ತಮಿಳುನಾಡು 2024ರಲ್ಲಿ ಹಾಗೆ ಘೋಷಿಸಿ, ಬಿಸಿಲಿಗೆ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು.

ಆದರೆ ಘೋಷಣೆಯಾದರೂ ಹಣ ಕೈಗೆ ಬರುವುದು ಸಾವಿನ ಕಾರಣ ಕಾಗದದಲ್ಲಿದ್ದರೆ. ಬಿಸಿಲಿಗೆ ಬಿದ್ದವರ ದಾಖಲೆಯಲ್ಲಿ ಹೆಚ್ಚಾಗಿ ಬರೆಯುವುದು ಹೃದಯಾಘಾತ. ಅದು ಪೂರ್ತಿ ಸುಳ್ಳೂ ಅಲ್ಲ, ಕೊನೆಗೆ ನಿಂತದ್ದು ಹೃದಯವೇ. ಮರಣೋತ್ತರ ಪರೀಕ್ಷೆಯಲ್ಲಿ ಬಿಸಿಲಿನದೇ ಎನ್ನುವಂಥ ಗುರುತು ಸಿಗುವುದು ಅಪರೂಪ, ದೇಹ ತಣ್ಣಗಾದ ಮೇಲೆ ಏನೂ ತಿಳಿಯದು. ಹಾಗಾಗಿ ಸಾಕ್ಷ್ಯವೆಲ್ಲ ಸಂದರ್ಭದ್ದು. ಆಸ್ಪತ್ರೆಗೆ ತಂದ ಕೂಡಲೇ ಗುದದ್ವಾರದ ಥರ್ಮಾಮೀಟರಿನಿಂದ ಮೈಯ ಉಷ್ಣಾಂಶ ನೋಡಿ ಸಮಯದ ಸಮೇತ ಬರೆಯಬೇಕು. ಎಲ್ಲಿ ಬಿದ್ದರು, ಬಯಲೋ ಶೀಟಿನ ಕೆಳಗೋ, ಎಷ್ಟು ತಾಸು ಕೆಲಸ ಮಾಡಿದ್ದರು, ಬೀಳುವ ಮೊದಲು ಅಸಂಬದ್ಧವಾಗಿ ಮಾತಾಡಿದರೇ, ಯಾವ ಮಾತ್ರೆ ನುಂಗುತ್ತಿದ್ದರು ಎಂಬುದು ಕೇಸ್ ಶೀಟಿನಲ್ಲೂ ಪಂಚನಾಮೆಯಲ್ಲೂ ಬರಬೇಕು. ಮನೆಯವರು ಮತ್ತು ಜೊತೆಯಲ್ಲಿ ದುಡಿಯುತ್ತಿದ್ದವರು ಅದನ್ನು ಅಲ್ಲೇ ಹೇಳಿ ಬರೆಸಬೇಕು. ಆ ದಿನ ಆ ಹೋಬಳಿಯ ಉಷ್ಣಾಂಶ, ತೇವಾಂಶವನ್ನು ಉಸ್ತುವಾರಿ ಕೇಂದ್ರದ ದಾಖಲೆಯಿಂದ ಆಮೇಲೂ ತೆಗೆಸಬಹುದು. ಮೈಯ ಉಷ್ಣಾಂಶವನ್ನು ಆಮೇಲೆ ತೆಗೆಸಲಾಗುವುದಿಲ್ಲ.